ಎದ್ದು ನಿಂತು ಲೆಕ್ಕ ಒಪ್ಪಿಸುವವರು

ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ನಾವು ಎದ್ದು ನಿಲ್ಲುತ್ತೇವೆ. ಒಂಬತ್ತು ಮಂದಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಗಾಜಿನ ಕಟ್ಟಡ, ಗೋಡೆಯ ತುಂಬ ಬಣ್ಣಬಣ್ಣದ ಚೀಟಿಗಳು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನಾದರೂ ಇದೆಯಾ ಎಂದು ಮೂರು ಪ್ರಶ್ನೆ. ಮಗ್ಗಿ ಒಪ್ಪಿಸಿದ ಹಾಗೆ ಸಾಲಾಗಿ ಒಪ್ಪಿಸುತ್ತ ಹೋಗಬೇಕು. ನಾವು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರ ಕಣ್ಣೂ ಮೇನೇಜರರ ಮೇಲೆ, ಅವರ ಕಣ್ಣು ಲ್ಯಾಪ್‌ಟಾಪಿನ ಮೇಲೆ. ಮೂರನೇ ಪ್ರಶ್ನೆಗೆ ನಾವೆಲ್ಲ ಒಂದೇ ಉತ್ತರ ಕಲಿತಿದ್ದೇವೆ: 'ನೋ ಬ್ಲಾಕರ್ಸ್.' ಅಡ್ಡಿ ಏನೂ ಇಲ್ಲ ಸಾರ್. ಅಡ್ಡಿ ಇದ್ದೇ ಇರುತ್ತದೆ. ಪರೀಕ್ಷೆ ಮಾಡುವ ಸರ್ವರು ಎರಡು ದಿನದಿಂದ ಬಿದ್ದಿರುತ್ತದೆ. ಅಮೆರಿಕದ ಕ್ಲೈಂಟು ಕೇಳಿದ್ದೇನೆಂದು ಒಬ್ಬರಿಗೂ ಅರ್ಥವಾಗಿರುವುದಿಲ್ಲ. ತಿಂಗಳ ಕೆಲಸವನ್ನು ಎರಡು ವಾರಕ್ಕೆ ಒಪ್ಪಿಕೊಂಡಿರುತ್ತೇವೆ. ಒಪ್ಪಿಕೊಂಡೆವು ಅನ್ನುವುದೂ ಸುಳ್ಳು, ನಮ್ಮಿಂದ ಹೂಂ ಅನ್ನಿಸಿರುತ್ತಾರೆ. ಆದರೂ ಏನೂ ಇಲ್ಲ ಸಾರ್. ಯಾಕೆಂದರೆ ಅಡ್ಡಿ ಇದೆ ಅಂದವನೇ ಅಡ್ಡಿ ಎಂದು ವರ್ಷದ ಕೊನೆಯ ಕಾಗದದಲ್ಲಿ ಬೀಳುತ್ತದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಹೇಬರು ಬರುವ ದಿನ ಸೋರುವ ಕೋಣೆಗೆ ಬೀಗ ಹಾಕಿ, ಎರಡು ತರಗತಿಯ ಮಕ್ಕಳನ್ನು ಒಂದೇ ಒಣ ಕೋಣೆಯಲ್ಲಿ ಒತ್ತರಿಸಿ ಕೂರಿಸಿ, 'ಎಲ್ಲ ಸರಿ ಇದೆ ಸಾರ್' ಅಂದ ನೆನಪು ಯಾವ ಮೇಷ್ಟ್ರಿಗಿಲ್ಲ?

ಎ.ಸಿ. ರೂಮಿನಲ್ಲಿ ಕೂತು ತಿಂಗಳಿಗೆ ಕೈತುಂಬ ಸಂಬಳ ಎಣಿಸುವವರ ಗೋಳಿಗೆ ಇಲ್ಲಿ ಜಾಗ ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಕೇಳಬೇಕಾದ್ದೇ. ಕೂಲಿಯ ಲೆಕ್ಕ ಹಿಡಿದರೆ ನಮ್ಮ ಗೋಳು ದೊಡ್ಡದಲ್ಲ. ಆದರೆ ನೀವು ಅಕ್ಷರ ಕಲಿಸಿದ ಮಕ್ಕಳು, ಹಾಸ್ಟೆಲಿನ ತಿಳಿಸಾರು ಉಂಡು ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಬಂದು ಸೇರುವುದು ಇಲ್ಲಿಗೇ. ಮೇಲಾಗಿ ಇಲ್ಲಿ ನಡೆಯುತ್ತಿರುವುದು ಹೊಸ ಬಗೆಯ ಮೋಸ. ಹಳೆಯ ಧಣಿ 'ನಾನು ಧಣಿ, ನೀನು ಆಳು' ಎಂದು ಎದುರಿಗೇ ಹೇಳುತ್ತಿದ್ದ. ಹೊಸ ಧಣಿ 'ಇಲ್ಲಿ ಧಣಿಯೇ ಇಲ್ಲ, ಟೀಮೇ ಎಲ್ಲ ತೀರ್ಮಾನ ಮಾಡುತ್ತದೆ' ಎನ್ನುತ್ತಾನೆ. ಹಾಗೆಂದು ತೀರ್ಮಾನ ಮಾಡಿದವನೂ ಅವನೇ.

ಈ ಎದ್ದು ನಿಲ್ಲುವ ಸಭೆಗೆ ಸ್ಟಾಂಡಪ್ ಎಂದು ಹೆಸರು. ಇದು ಅಜೈಲ್ ಎಂಬ ಪದ್ಧತಿಯ ಆಚರಣೆ. ಅಜೈಲ್ ಅಂದರೆ ಚುರುಕು. ಹುಟ್ಟಿದ್ದು ನಮ್ಮ ನಾಡಿನಲ್ಲಲ್ಲ, ಆದ್ದರಿಂದ ಅದರ ಕತೆಯನ್ನು ಅಲ್ಲಿಂದಲೇ ಶುರುಮಾಡಬೇಕು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದ ಮೇಲೆ 17 ಮಂದಿ ಸೇರಿದರು. ಎಲ್ಲರೂ ಸಾಫ್ಟ್‌ವೇರು ಬರೆದು, ಬರೆಸಿ ಪಳಗಿದವರು. ಎಲ್ಲರೂ ಗಂಡಸರು, ಇದನ್ನೂ ಹೇಳಿಬಿಡಬೇಕು. ಅಲ್ಲಿಯವರೆಗೆ ನಡೆಯುತ್ತಿದ್ದ ಕ್ರಮ ಎಂಥದ್ದು? ಮೊದಲು ಒಬ್ಬ ಕೂತು ಏನು ಬೇಕೆಂದು ನೂರಾರು ಪುಟ ಬರೆಯುತ್ತಾನೆ. ಇನ್ನೊಬ್ಬ ನಕ್ಷೆ ಹಾಕುತ್ತಾನೆ. ಮತ್ತೊಬ್ಬ ಕೋಡು ಬರೆಯುತ್ತಾನೆ. ಕೊನೆಗೆ ಟೆಸ್ಟ್ ಮಾಡುವವಳ ಪಾಳಿ. ವರ್ಷ ಎರಡು ವರ್ಷ ಕಳೆದು ಕ್ಲೈಂಟಿನ ಮುಂದೆ ಇಟ್ಟರೆ 'ನಾನು ಕೇಳಿದ್ದು ಇದಲ್ಲ' ಎನ್ನುತ್ತಾನೆ. ಯೋಚಿಸುವವನು ಬೇರೆ, ಮಾಡುವವನು ಬೇರೆ ಎಂಬ ಈ ವಿಂಗಡಣೆಯನ್ನು ಕಾರ್ಖಾನೆಗಳಿಗೆ ಶಾಸ್ತ್ರ ಮಾಡಿ ಕೊಟ್ಟವನು ಫ್ರೆಡರಿಕ್ ಟೇಲರ್. ಅವನ ಪುಸ್ತಕ ಬಂದದ್ದು 1911ರಲ್ಲಿ. ಅದನ್ನು ಕಲಿಯಲು ನಮಗೆ ಟೇಲರನೇನೂ ಬೇಕಾಗಿರಲಿಲ್ಲ. ಊರ ಮಧ್ಯೆ ತಲೆ, ಊರಾಚೆ ಕೈಕಾಲು ಎಂದು ಇಟ್ಟು ಸಾವಿರಾರು ವರ್ಷ ಬಾಳಿದ ದೇಶ ನಮ್ಮದು.

ಆ 17 ಮಂದಿ ಇದಕ್ಕೆ ಬೇಡ ಅಂದರು. ವಿಧಿವಿಧಾನಕ್ಕಿಂತ ಮನುಷ್ಯರು ದೊಡ್ಡವರು, ದಪ್ಪ ದಸ್ತಾವೇಜಿಗಿಂತ ನಡೆಯುವ ಸಾಫ್ಟ್‌ವೇರು ದೊಡ್ಡದು, ಕರಾರಿನ ಜಗ್ಗಾಟಕ್ಕಿಂತ ಕೂಡಿ ಕೆಲಸ ಮಾಡುವುದು ದೊಡ್ಡದು, ಬರೆದಿಟ್ಟ ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಹೊರಳಿಕೊಳ್ಳುವುದು ದೊಡ್ಡದು ಎಂಬ ಅರ್ಥದ ನಾಲ್ಕು ಮಾತು, ಅದರ ಜೊತೆ 12 ಸೂತ್ರ ಬರೆದರು. ಕೆಲಸಗಾರರ ಟೀಮು ತನ್ನನ್ನು ತಾನೇ ಕಟ್ಟಿಕೊಳ್ಳಬೇಕು, ದಣಿದು ಬೀಳದ ಹಾಗೆ ಒಂದೇ ಹದದಲ್ಲಿ ಬಹುಕಾಲ ನಡೆಯುವಂತಿರಬೇಕು ಎಂದೆಲ್ಲ ಅದರಲ್ಲಿದೆ. ಆ 17ರಲ್ಲಿ ಒಬ್ಬನಾದ ಕೆಂಟ್ ಬೆಕ್ ಅದಕ್ಕೂ ಮೊದಲು 1999ರಲ್ಲೇ ಬರೆದ ಪುಸ್ತಕದಲ್ಲಿ ವಾರಕ್ಕೆ 40 ಗಂಟೆ ಎಂಬ ನೇಮವನ್ನೇ ಇಟ್ಟಿದ್ದ. ಒಂದು ವಾರ ಹೆಚ್ಚು ದುಡಿಯಬೇಕಾಗಿ ಬಂದರೆ ಬರಲಿ, ಎರಡನೇ ವಾರವೂ ಹಾಗೇ ಆದರೆ ಕೆಟ್ಟಿರುವುದು ಕೆಲಸದ ಕ್ರಮವೇ ಹೊರತು ಕೆಲಸಗಾರನಲ್ಲ ಎಂಬುದು ಅದರ ತಿರುಳು.

ಈ ಮಾತುಗಳನ್ನು ಮೊದಲ ಸಲ ಓದಿದಾಗ ನಮ್ಮ ಮೈ ಬೆಚ್ಚಗಾದದ್ದು ನಿಜ. ಅದರಲ್ಲಿ ಬಂಡಾಯದ ವಾಸನೆ ಇತ್ತು.

ಆಮೇಲೆ ಆದದ್ದೇನು? ಅಜೈಲ್ ಬೆಂಗಳೂರಿಗೆ ಬಂತು. ಬಂದದ್ದು ಆದೇಶವಾಗಿ. 'ಮುಂದಿನ ಸೋಮವಾರದಿಂದ ನಾವೆಲ್ಲ ಅಜೈಲ್' ಎಂದು ಮೇಲಿನಿಂದ ಒಂದು ಮೇಲ್. ಟೀಮು ತನ್ನನ್ನು ತಾನೇ ಕಟ್ಟಿಕೊಳ್ಳಬೇಕೆಂದು ಹುಕುಂ ಹೊರಡಿಸಿದರೆ ಕಟ್ಟಿಕೊಳ್ಳುವವರು ಯಾರು? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಕೂಡಿ ಕಟ್ಟಿದ ನಲಿಕಲಿ, ಮುಂದೆ ರಾಜ್ಯಕ್ಕೆಲ್ಲ ಸುತ್ತೋಲೆಯಾಗಿ ಬಂದಾಗ ಅದರ ನಲಿ ಎಷ್ಟು ಉಳಿಯಿತು ಎಂದು ನಿಮಗೇ ಗೊತ್ತು. ಇಲ್ಲೂ ಹಾಗೇ ಆಯಿತು. ಆಚರಣೆಗಳು ಬಂದವು: ಸ್ಟಾಂಡಪ್ ಬಂತು, ಎರಡು ವಾರದ ಸ್ಪ್ರಿಂಟ್ ಬಂತು, ಸ್ಪ್ರಿಂಟ್ ಮುಗಿದ ಮೇಲೆ ತಪ್ಪು ಒಪ್ಪು ಮಾತಾಡಿಕೊಳ್ಳುವ ರೆಟ್ರೋ ಬಂತು. ಆದರೆ ಅಧಿಕಾರ ಇದ್ದಲ್ಲಿಂದ ಒಂದು ಗೇಣೂ ಸರಿಯಲಿಲ್ಲ. ಯಾರ ಕೈಲಿ ಬಡ್ತಿ, ಯಾರ ಕೈಲಿ ರಜೆ, ಯಾರ ಕೈಲಿ ಕೆಲಸದಿಂದ ತೆಗೆಯುವ ಪೆನ್ನು, ಅವರ ಕೈಲೇ ಸ್ಟಾಂಡಪ್ಪೂ ಇತ್ತು. ಅವರ ಕೈಗೆ ಹೋದ ಸ್ಟಾಂಡಪ್ ಹಾಜರಿ ಪುಸ್ತಕವಾಯಿತು. ರೆಟ್ರೋ ತಪ್ಪೊಪ್ಪಿಗೆಯ ಕಟಕಟೆಯಾಯಿತು.

ವಿಚಿತ್ರ ನೋಡಿ. ಸ್ಕ್ರಮ್ ಎಂಬ ಅಜೈಲ್ ಕ್ರಮದ ಕೈಪಿಡಿಯ ಪ್ರಕಾರ ದಿನದ ಸಭೆ ಕೆಲಸ ಮಾಡುವವರಿಗಾಗಿ ಇರುವುದು, 15 ನಿಮಿಷದ್ದು, ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡು ದಿನದ ಕೆಲಸ ಹೊಂದಿಸಿಕೊಳ್ಳುವುದಕ್ಕೆ. ನಾವು ದಿನಾ ಒಪ್ಪಿಸುವ ಆ ಮೂರು ಪ್ರಶ್ನೆಗಳನ್ನು 2020ರ ಕೈಪಿಡಿ ಕೈಬಿಟ್ಟೇ ಬಿಟ್ಟಿದೆ. ನಮ್ಮಲ್ಲಿ ಮಾತ್ರ ಅವು ಸಂಧ್ಯಾವಂದನೆಯ ಹಾಗೆ ನಡೆದುಕೊಂಡು ಬರುತ್ತಿವೆ.

ಪಾಯಿಂಟುಗಳ ಕತೆ ಇನ್ನೂ ಚಂದ. ಒಂದು ಕೆಲಸ ಎಷ್ಟು ತೊಡಕಿನದು ಎಂದು ಟೀಮಿನವರು ತಮ್ಮೊಳಗೆ ಅಂದಾಜು ಮಾಡಿಕೊಳ್ಳಲು 1, 2, 3, 5, 8 ಎಂದು ಅಂಕ ಕೊಡುವ ಪದ್ಧತಿಯೊಂದಿದೆ. ಅಂದಾಜು ಅಂದಾಜೇ, ಅದು ಗಂಟೆಯ ಲೆಕ್ಕವಲ್ಲ. ಮೇನೇಜರ ಕೈಗೆ ಸಿಕ್ಕ ಗಳಿಗೆಯಲ್ಲಿ ಅದು ಅಳೆಯುವ ಸೇರಾಯಿತು. 'ಆ ಟೀಮು ಸ್ಪ್ರಿಂಟಿಗೆ 40 ಪಾಯಿಂಟು ಮಾಡ್ತದೆ, ನೀವ್ಯಾಕ್ರೀ 25?' ಎಂದು ಕೇಳಿದರು. ನಾವೇನು ದಡ್ಡರೇ? ಮುಂದಿನ ಸಲ ಮೂರರ ಕೆಲಸಕ್ಕೆ ಐದು ಬರೆದೆವು, ಐದರದಕ್ಕೆ ಎಂಟು. ಪಾಯಿಂಟು ನಲವತ್ತೈದಕ್ಕೆ ಏರಿತು. ಕೆಲಸ ಅಷ್ಟೇ ಇತ್ತು. ಮೇಲಿನವರಿಗೆ ಸಂತೋಷವಾಯಿತು, ಕೇಕ್ ಕತ್ತರಿಸಿದರು. ರಾನ್ ಜೆಫ್ರೀಸ್ ಎಂಬಾತ ಸ್ನೋಬರ್ಡಿನ 17ರಲ್ಲಿ ಒಬ್ಬ. ಈ ಪಾಯಿಂಟುಗಳನ್ನು ಕಂಡುಹಿಡಿದವನು ನಾನೇ ಇರಬಹುದು, ಹಾಗಿದ್ದರೆ ಈಗ ಅದಕ್ಕೆ ವಿಷಾದಪಡುತ್ತೇನೆ ಎಂಬರ್ಥದಲ್ಲಿ 2019ರಲ್ಲಿ ಬರೆದುಕೊಂಡ. ಅದಕ್ಕೂ ಒಂದು ವರ್ಷ ಮೊದಲು, ಮೇಲಿನಿಂದ ಹೇರಿದ ಇಂಥ ಅಜೈಲನ್ನು ಕೋಡು ಬರೆಯುವವರು ಬಿಟ್ಟುಬಿಡುವುದೇ ವಾಸಿ ಎಂದೂ ಬರೆದಿದ್ದ. ತಂದೆಯೇ ಮಗುವನ್ನು ಗುರುತು ಹಿಡಿಯಲಾರದ ಸ್ಥಿತಿ.

ಹೋಗಲಿ, ಸುಳ್ಳು ಹೇಳುವುದು ನಮ್ಮ ಗುಣವೇ? ಅಲ್ಲ. ಸುಳ್ಳು ಹೇಳಿಸುವ ಯಂತ್ರವೊಂದನ್ನು ಕಂಪನಿಗಳು ನೆಲಮಾಳಿಗೆಯಲ್ಲಿ ಕೂಡಿಸಿಕೊಂಡಿವೆ. ಅದರ ಹೆಸರು ಬೆಲ್ ಕರ್ವ್. ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಾಕ್ ವೆಲ್ಚ್ ಪ್ರಸಿದ್ಧಿಗೆ ತಂದದ್ದು. ನೌಕರರಲ್ಲಿ ಮೇಲಿನ ನೂರಕ್ಕೆ 20 ಮಂದಿ, ನಡುವಿನ 70, ಕೆಳಗಿನ 10 ಎಂದು ವರ್ಷವರ್ಷ ಜರಡಿ ಹಿಡಿಯಬೇಕು, ಕೆಳಗಿನ 10ನ್ನು ಹೊರಹಾಕಬೇಕು. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದರೂ ಯಾರನ್ನಾದರೂ ಕೆಳಕ್ಕೆ ತಳ್ಳಲೇಬೇಕು. ಈಗ ಯೋಚನೆ ಮಾಡಿ. ಟೀಮು ಅಂದರೆ ಒಂದು ಒಲೆಯ ಮುಂದಿನ ಮನೆಮಂದಿಯ ಹಾಗೆ ಎನ್ನುತ್ತೀರಿ. ವರ್ಷದ ಕೊನೆಗೆ ಈ ಮನೆಯಿಂದ ಒಬ್ಬನನ್ನು ಹೊರಗೆ ಹಾಕುತ್ತೇವೆ, ಯಾರೆಂದು ನಿಮ್ಮ ನಡತೆ ನೋಡಿ ಹೇಳುತ್ತೇವೆ ಎಂದೂ ಎನ್ನುತ್ತೀರಿ. ಪಕ್ಕದವನ ಕೋಡು ಕೆಟ್ಟಾಗ ನಾನು ನನ್ನ ಅರ್ಧ ದಿನ ಕೊಟ್ಟು ಸರಿಮಾಡಲೇ? ಮಾಡಿದರೆ ಅವನು ಮೇಲೆ, ನಾನು ಕೆಳಗೆ. ಮೈಕ್ರೋಸಾಫ್ಟ್ ಈ ಯಂತ್ರವನ್ನು ವರ್ಷಗಟ್ಟಲೆ ಓಡಿಸಿ 2013ರ ನವೆಂಬರಿನಲ್ಲಿ ಕೈಬಿಟ್ಟಿತು. ನಮ್ಮ ಕಟ್ಟಡದಲ್ಲಿ ಅದರ ಹೆಸರು ಮೂರು ಸಲ ಬದಲಾಯಿತು, ಯಂತ್ರ ಅದೇ.

ಇನ್ನು ವ್ಯಾಪಾರ. ನಮ್ಮಂಥ ಎಷ್ಟೋ ಕಂಪನಿಗಳು ಮಾರುವುದು ಸಾಫ್ಟ್‌ವೇರನ್ನಲ್ಲ, ತಲೆಗಳನ್ನು. ಇಷ್ಟು ತಲೆ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. ಕರಾರು ಮೊದಲೇ ಆಗಿರುತ್ತದೆ, ತಾರೀಕು ಮೊದಲೇ ನಿಂತಿರುತ್ತದೆ. ಆಮೇಲೆ ನಮ್ಮನ್ನು ಕರೆದು 'ಟೀಮೇ ಪ್ಲಾನ್ ಮಾಡಲಿ' ಎನ್ನುತ್ತಾರೆ. ಹೆಣ್ಣು ನೋಡಿ, ಮಾತುಕತೆ ಮುಗಿಸಿ, ಲಗ್ನಪತ್ರಿಕೆ ಹಂಚಿದ ಮೇಲೆ 'ಏನವ್ವಾ, ನಿನಗೆ ಒಪ್ಪಿಗೇನಾ?' ಎಂದು ಕೇಳಿದ ಹಾಗೆ. ಏನು ಬೇಕೆಂದು ಹೇಳಬೇಕಾದವನು ಕ್ಯಾಲಿಫೋರ್ನಿಯಾದಲ್ಲಿ, ಮಾಡಬೇಕಾದವರು ಹನ್ನೆರಡೂವರೆ ಗಂಟೆ ಮುಂದಿರುವ ಬೆಂಗಳೂರಿನಲ್ಲಿ. ಇಬ್ಬರೂ ದಿನಾ ಕೂಡಿ ಕೆಲಸ ಮಾಡಬೇಕೆಂಬುದು ಆ 12 ಸೂತ್ರಗಳಲ್ಲೊಂದು. ಅದನ್ನು ಪಾಲಿಸಲು ರಾತ್ರಿ ಒಂಬತ್ತಕ್ಕೆ ಫೋನು ಹಿಡಿಯುವವರು ಯಾರು? ಅವರಲ್ಲ. ಹೀಗೆ ಹಗಲಿನ ಸ್ಟಾಂಡಪ್ ಒಂದು, ರಾತ್ರಿಯದು ಒಂದು. ಇದರ ಮೇಲೆ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಕಟ್ಟಿದವರಲ್ಲೊಬ್ಬರಾದ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಉಪದೇಶ ಕೊಟ್ಟರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೋದ ಅಧ್ಯಕ್ಷರ ಬಾಯಲ್ಲಿ ಅದು 90 ಆಯಿತು. ಗೋಡೆಯ ಮೇಲೆ ಅಜೈಲಿನ 40 ಗಂಟೆಯ ವಂಶದ ಸೂತ್ರಗಳು, ಕೆಳಗೆ 70-90ರ ಉಪದೇಶ. ಎರಡನ್ನೂ ಒಂದೇ ಮೊಳೆಗೆ ನೇತುಹಾಕಲು ನಮ್ಮವರಿಗೆ ನಾಚಿಕೆಯಿಲ್ಲ.

ಭಯದ ಮನೆಯಲ್ಲಿ ಪದ್ಧತಿ ಏನೂ ಮಾಡಲಾರದು ಎಂಬುದಕ್ಕೆ ನೋಕಿಯಾ ಸಾಕ್ಷಿ. ಒಂದು ಕಾಲದಲ್ಲಿ ನಮ್ಮ ಹಳ್ಳಿಯ ಕುರಿ ಕಾಯುವವನ ಜೇಬಿನಲ್ಲೂ ಇದ್ದದ್ದು ಅದೇ ಫೋನು. ಟೀಮೊಂದು ನಿಜಕ್ಕೂ ಸ್ಕ್ರಮ್ ಮಾಡುತ್ತಿದೆಯೇ ಎಂದು ಒರೆಹಚ್ಚುವ ಪ್ರಶ್ನೆಪಟ್ಟಿಗೆ ಅಜೈಲ್ ಲೋಕದಲ್ಲಿ 'ನೋಕಿಯಾ ಟೆಸ್ಟ್' ಎಂದೇ ಹೆಸರಿತ್ತು. ಅದು ಹುಟ್ಟಿದ್ದು ಆ ಕಂಪನಿಯ ನೆಟ್‌ವರ್ಕ್ ವಿಭಾಗದಲ್ಲಿ. ಆದರೆ ಫೋನಿನ ವಿಭಾಗದಲ್ಲಿ ಏನಾಯಿತು? ಟಿಮೊ ವುಒರಿ, ಕ್ವೀ ಹುಯ್ ಎಂಬ ಇಬ್ಬರು ವಿದ್ವಾಂಸರು ಅಲ್ಲಿ ಕೆಲಸ ಮಾಡಿದ್ದ ಅಧಿಕಾರಿಗಳು, ಇಂಜಿನಿಯರುಗಳು ಸೇರಿ 76 ಮಂದಿಯನ್ನು ಮಾತಾಡಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2007ರಲ್ಲಿ ಐಫೋನ್ ಬಂದ ಮೇಲೆ ಮೇಲಿನವರಿಗೆ ಮಾರುಕಟ್ಟೆಯ ಭಯ, ನಡುವಿನವರಿಗೆ ಮೇಲಿನವರ ಭಯ. ನಮ್ಮ ಸಾಫ್ಟ್‌ವೇರು ಆ ಫೋನಿಗೆ ಸಾಟಿಯಲ್ಲ, ಇಷ್ಟು ಬೇಗ ಆಗುವುದೂ ಇಲ್ಲ ಎಂದು ಕೆಳಗಿನವರಿಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಬೈಗುಳ, ಕುರ್ಚಿ ಹೋಗುವ ಹೆದರಿಕೆ. ಆಗುತ್ತದೆ ಸಾರ್, ಆಗುತ್ತದೆ ಸಾರ್. 2013ರ ಸೆಪ್ಟೆಂಬರಿನಲ್ಲಿ ಫೋನಿನ ವ್ಯಾಪಾರವನ್ನೇ ಮೈಕ್ರೋಸಾಫ್ಟಿಗೆ ಮಾರುತ್ತೇವೆಂದು ನೋಕಿಯಾ ಸಾರಬೇಕಾಯಿತು. ಪ್ರಪಂಚದ ದೊಡ್ಡ ಫೋನು ಕಂಪನಿಯ ಹೊಟ್ಟೆಯೊಳಗೆ ಇದ್ದ ಹುಣ್ಣು ನಮ್ಮ ಒಂಬತ್ತು ಮಂದಿಯ 'ನೋ ಬ್ಲಾಕರ್ಸ್' ಇದೆಯಲ್ಲ, ಅದೇ.

ಹಾಗಾದರೆ ಎದ್ದು ನಿಲ್ಲುವುದೇ ತಪ್ಪೇ? ಅಲ್ಲ. ಇದಕ್ಕೂ ಸಾಕ್ಷಿಯಿದೆ, ಸ್ವಲ್ಪ ನಿಧಾನವಾಗಿ ಹೇಳಬೇಕು. 2013ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಬಡವರೂ ಆರೋಗ್ಯ ವಿಮೆ ಕೊಳ್ಳಲಿ ಎಂದು ಹೆಲ್ತ್‌ಕೇರ್ ಡಾಟ್ ಗವ್ ಎಂಬ ತಾಣ ತೆರೆಯಿತು. 50ಕ್ಕೂ ಹೆಚ್ಚು ಗುತ್ತಿಗೆ ಕಂಪನಿಗಳು ಕಟ್ಟಿದ್ದು. ಮೊದಲ ದಿನ ಅದರಲ್ಲಿ ನೋಂದಣಿ ಮುಗಿಸಲು ಸಾಧ್ಯವಾದದ್ದು 6 ಮಂದಿಗೆ. ಹೌದು, ಆರು. ಅದು ಬೀಳುತ್ತದೆಂದು ಒಳಗಿನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ವಸಂತದಲ್ಲೇ ಹೊರಗಿನ ಸಲಹೆಗಾರರೂ ಎಚ್ಚರಿಸಿದ್ದರು. ಮೇಲಕ್ಕೆ ಹೋಗುತ್ತ ಹೋಗುತ್ತ ಸುದ್ದಿ ಸಿಹಿಯಾಯಿತು. ಬಿದ್ದ ಮೇಲೆ ಎತ್ತಲು ಬಂದ ಸಣ್ಣ ಗುಂಪಿನಲ್ಲಿ ಮೈಕಿ ಡಿಕರ್ಸನ್ ಎಂಬ ಇಂಜಿನಿಯರನಿದ್ದ. ಅವನು ಹೊಸ ಪದ್ಧತಿಯನ್ನೇನೂ ತರಲಿಲ್ಲ. ಅದೇ ಸ್ಟಾಂಡಪ್: ಬೆಳಿಗ್ಗೆ ಒಂದು, ಸಂಜೆ ಒಂದು. ಗೋಡೆಗೆ ಮೂರು ನೇಮ ಅಂಟಿಸಿದ. ಇಲ್ಲಿ ಸೇರುವುದು ತೊಂದರೆ ಬಗೆಹರಿಸಲು, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವವರು ಬೇರೆ ಜಾಗ ನೋಡಿಕೊಳ್ಳಲಿ. ವಿಷಯ ಯಾರಿಗೆ ಹೆಚ್ಚು ಗೊತ್ತೋ ಅವರೇ ಮಾತಾಡಬೇಕು, ದೊಡ್ಡ ಹುದ್ದೆಯವರಲ್ಲ. ಮುಂದಿನ ಒಂದೆರಡು ದಿನದಲ್ಲಿ ಕುತ್ತು ತರುವುದನ್ನೇ ಮೊದಲು ಮುಟ್ಟಬೇಕು. ಇಷ್ಟೇ. ಡಿಸೆಂಬರ್ ಹೊತ್ತಿಗೆ ಬಹುಪಾಲು ಜನಕ್ಕೆ ತಾಣ ತೆರೆದುಕೊಳ್ಳತೊಡಗಿತು. ನಮ್ಮ ಸ್ಟಾಂಡಪ್ಪಿಗೂ ಅದಕ್ಕೂ ಇರುವ ವ್ಯತ್ಯಾಸ ಆ ಎರಡನೇ ನೇಮ. ಯಾರು ಮಾತಾಡಬಹುದು ಎಂಬ ಒಂದು ಪ್ರಶ್ನೆ.

ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ದಾದಿಯರ ತಂಡಗಳನ್ನು ನೋಡಲು ಹೋದವರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವ ತಪ್ಪು ಕಡಿಮೆ ಇರುತ್ತದೆಂದು ಲೆಕ್ಕ ಹಾಕಿದ್ದರು. ಕಂಡದ್ದು ತಿರುಗಾಮುರುಗಾ: ಒಳ್ಳೆಯ ತಂಡಗಳ ಪಟ್ಟಿಯಲ್ಲೇ ತಪ್ಪು ಹೆಚ್ಚು. ಆಮೇಲೆ ಹೊಳೆಯಿತು, ಅಲ್ಲಿ ತಪ್ಪು ಆಗುವುದು ಹೆಚ್ಚಲ್ಲ, ಆದ ತಪ್ಪನ್ನು ಬಾಯಿಬಿಟ್ಟು ಹೇಳುವುದು ಹೆಚ್ಚು. ಹೆದರಿಕೆಯ ತಂಡದ ಪಟ್ಟಿ ಶುಭ್ರವಾಗಿರುತ್ತದೆ, ರೋಗಿ ಸಾಯುತ್ತಾನೆ. ನಮ್ಮ ಗೋಡೆಯ ಚೀಟಿಗಳೆಲ್ಲ ಹಸಿರು ಬಣ್ಣಕ್ಕೆ ತಿರುಗಿರುವುದನ್ನು ನೋಡಿದಾಗಲೆಲ್ಲ ನಮಗೆ ಈ ಸಂಗತಿ ನೆನಪಾಗುತ್ತದೆ.

ಇಷ್ಟನ್ನೂ ಸರಿಮಾಡಿಕೊಡುತ್ತೇವೆಂದು ಒಂದು ಪುರೋಹಿತಶಾಹಿ ಎದ್ದಿದೆ. ಎರಡು ದಿನ ತರಗತಿಯಲ್ಲಿ ಕೂತು ಒಂದು ಪರೀಕ್ಷೆ ಕೊಟ್ಟರೆ ಸ್ಕ್ರಮ್ ಮಾಸ್ಟರ್ ಎಂಬ ದೀಕ್ಷೆ. ಎರಡು ವರ್ಷಕ್ಕೊಮ್ಮೆ ದಕ್ಷಿಣೆ ಕಟ್ಟಿ ಜನಿವಾರ ಬದಲಿಸಿಕೊಳ್ಳಬೇಕು. ಇವರ ಬಾಯಲ್ಲಿ ಮಂತ್ರ ಒಂದೇ: 'ಮನಸ್ಥಿತಿ ಬದಲಾಗಬೇಕು.' ಯಾರ ಮನಸ್ಥಿತಿ? ನಮ್ಮದಂತೆ. ನಮ್ಮ ಹುಡುಗರಿಗೆ ಮಾತಾಡುವ ಧೈರ್ಯ ಸಾಲದಂತೆ. ಸ್ವಾಮಿ, ಕೋಲು ಹಿಡಿದವನನ್ನು ಎದುರಿಗೆ ನಿಲ್ಲಿಸಿಕೊಂಡು ಧೈರ್ಯದ ಪಾಠ ಹೇಳುತ್ತೀರಲ್ಲ, ಮೊದಲು ಕೋಲು ಕೆಳಗಿಡಲು ಹೇಳಿ. ಆ ಮಾತು ಹೇಳಿದರೆ ದಕ್ಷಿಣೆ ಹುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತು.

ಆದರೆ ಸ್ನೋಬರ್ಡಿನ 17 ಮಂದಿಯನ್ನೂ ನಾವು ಸುಮ್ಮನೆ ಬಿಡುವುದಿಲ್ಲ. ಅವರ 12 ಸೂತ್ರಗಳನ್ನು ಹಿಡಿದು ಜಾಲಾಡಿ. ಕೆಲಸದಿಂದ ತೆಗೆಯುವ ಹಕ್ಕು ಯಾರದು ಎಂಬ ಮಾತಿಲ್ಲ. ಸಂಬಳ ನಿಗದಿ ಮಾಡುವವರು ಯಾರು ಎಂಬ ಮಾತಿಲ್ಲ. ಕೆಲಸಗಾರರಿಗೆ ಒಳ್ಳೆಯ ವಾತಾವರಣ ಕೊಡಿ, ಅವರನ್ನು ನಂಬಿ ಎಂದಿದ್ದಾರೆ. ಕೊಡಿ! ಯಾರಿಗೆ ಹೇಳಿದ ಮಾತು ಇದು? ಕೊಡುವ ಕೈ ಇರುವವನಿಗೆ. ಕೊಟ್ಟದ್ದನ್ನು ಕಸಿದುಕೊಳ್ಳುವ ಕೈಯೂ ಅದೇ ಅಲ್ಲವೇ? ಅದು ಒಡೆಯನಿಗೆ ಬರೆದ ಅರ್ಜಿ, ಕೆಲಸಗಾರನ ಹಕ್ಕುಪತ್ರವಲ್ಲ. ಧಣಿ ಒಳ್ಳೆಯವನಾಗಿದ್ದರೆ ಅಜೈಲ್ ಚೆನ್ನಾಗಿರುತ್ತದೆ, ಕೆಟ್ಟವನಾಗಿದ್ದರೆ ಕೆಟ್ಟದಾಗಿರುತ್ತದೆ. ಜೀತದಲ್ಲೂ ಹೀಗೇ ಇತ್ತು.

ಮತ್ತೆ, ಟೀಮು ಟೀಮು ಎನ್ನುತ್ತಾರಲ್ಲ, ಟೀಮಿನೊಳಗೆ ಎಲ್ಲರೂ ಒಂದೇ ಸಮವೇ? ಗೂಗಲ್ಲಿನಲ್ಲಿ ಕಾಯಂ ನೌಕರರ ಕೊರಳಿಗೆ ಬಿಳಿ ಬಿಲ್ಲೆ, ಗುತ್ತಿಗೆಯವರಿಗೆ ಕೆಂಪು. 2019ರ ಮಾರ್ಚಿನಲ್ಲಿ ಅಲ್ಲಿ ಕಾಯಮ್ಮಿನವರು ಸುಮಾರು 1,02,000 ಇದ್ದರೆ ತಾತ್ಕಾಲಿಕದವರು, ಗುತ್ತಿಗೆಯವರು ಸುಮಾರು 1,21,000. ಒಂದೇ ಮೇಜಿನ ಮೇಲೆ ಎರಡು ಬಣ್ಣ. ನಮ್ಮಲ್ಲಿ ಕೋಡು ಬರೆಯುವವನು ಒಂದು ಪಂಕ್ತಿ, ಟೆಸ್ಟ್ ಮಾಡುವವಳು ಅದರ ಕೆಳಗಿನ ಪಂಕ್ತಿ. ಕಾನ್ವೆಂಟ್ ಇಂಗ್ಲಿಷಿನವನು ಮೊದಲು ಮಾತಾಡುತ್ತಾನೆ, ಕನ್ನಡ ಶಾಲೆಯವನು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಜಾತಿ? ಅದನ್ನು ಇಲ್ಲಿ ಬಾಯಿಬಿಟ್ಟು ಕೇಳುವುದಿಲ್ಲ. ಅಡ್ಡಹೆಸರು, ಊಟದ ಡಬ್ಬಿ, 'ನಿಮ್ಮ ಕಡೆಯವರು ಯಾರು' ಎಂಬ ನಗುಮುಖದ ಪ್ರಶ್ನೆ ಇವುಗಳಲ್ಲೇ ತಿಳಿದುಕೊಳ್ಳುತ್ತಾರೆ. ಸಮುದ್ರ ದಾಟಿದರೂ ಇದು ಬಿಡುವುದಿಲ್ಲ. 2020ರ ಜೂನ್ 30ರಂದು ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆ ಸಿಸ್ಕೋ ಕಂಪನಿಯ ಮೇಲೆ, ಅದರ ಇಬ್ಬರು ಮೇಲಧಿಕಾರಿಗಳ ಮೇಲೆ ಮೊಕದ್ದಮೆ ಹೂಡಿತು. ಭಾರತೀಯರೇ ತುಂಬಿದ್ದ ಟೀಮಿನಲ್ಲಿ ದಲಿತ ಇಂಜಿನಿಯರನೊಬ್ಬನಿಗೆ ಜಾತಿಯ ಕಾರಣಕ್ಕೆ ಅವಕಾಶ ತಪ್ಪಿಸಿದರು, ದೂರಿದ್ದಕ್ಕೆ ಸೇಡು ತೀರಿಸಿಕೊಂಡರು ಎಂಬುದು ಆರೋಪ. ಕಂಪನಿ ಅಲ್ಲಗಳೆಯಿತು. 2023ರ ಏಪ್ರಿಲಿನಲ್ಲಿ ಆ ಇಬ್ಬರ ಮೇಲಿನ ಆರೋಪವನ್ನು ಇಲಾಖೆ ಹಿಂದಕ್ಕೆ ಪಡೆಯಿತು, ಕಂಪನಿಯ ಮೇಲಿನದನ್ನು ಉಳಿಸಿಕೊಂಡಿತು. ತೀರ್ಪು ಏನೇ ಇರಲಿ, ಜಾತಿ ಎಂಬ ಪದ ಸಿಲಿಕಾನ್ ಕಣಿವೆಯ ಕೋರ್ಟಿನ ಕಾಗದದಲ್ಲಿ ಬಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿಭೇದವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ್ದ ಅಂಥದೇ ಮಸೂದೆಯನ್ನು ಅಕ್ಟೋಬರಿನಲ್ಲಿ ಅಲ್ಲಿನ ಗವರ್ನರ್ ತಡೆದ. 'ಟೀಮೇ ತೀರ್ಮಾನಿಸಲಿ' ಎಂದಾಗ ಟೀಮಿನೊಳಗಿನ ಯಾರು ತೀರ್ಮಾನಿಸುತ್ತಾರೆ ಎಂದು ನಾವು ಕೇಳುವುದು ಇದಕ್ಕೇ.

ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ನಮ್ಮೊಳಗಿನವನೇ ಒಬ್ಬ ಲೀಡ್ ಆದ. ನಮ್ಮ ಜೊತೆ ರೂಮಿನಲ್ಲಿ ಅನ್ನ ಬೇಯಿಸಿದವನು. ಮೂರು ತಿಂಗಳು ಚೆನ್ನಾಗಿದ್ದ. ನಾಲ್ಕನೇ ತಿಂಗಳು ಅವನ ಮೇಲಿನವರು ಅವನನ್ನು ನಿಲ್ಲಿಸಿ ಲೆಕ್ಕ ಕೇಳಿದರು. ಮಾರನೆಯ ದಿನ ಅವನು ನಮ್ಮನ್ನು ನಿಲ್ಲಿಸಿ ಕೇಳಿದ. 'ಏನ್ ಮಾಡ್ಲೋ, ನನಗೂ ಮೇಲಿಂದ ಪ್ರೆಷರ್ರು' ಅಂದ. ಅವನ ಮಾತು ಸುಳ್ಳಲ್ಲ. ಆಳಿನ ಜಾಗಕ್ಕೆ ಆಳನ್ನೇ ಮೇಸ್ತ್ರಿ ಮಾಡುವುದು ಹಳೆಯ ಹುನ್ನಾರ.

ಹಾಗಾಗಿ ಒಳ್ಳೆಯ ಮನಸ್ಸಿನ ಮೇನೇಜರನನ್ನು ಹುಡುಕುತ್ತ ಕೂರುವುದು ನಮ್ಮ ಕೆಲಸವಲ್ಲ. ನಾವು ಕೇಳುವುದು ಸಣ್ಣ ಸಣ್ಣ ಸಂಗತಿ, ಆದರೆ ಕೈಗೆ ಸಿಗುವಂಥವು. ಸ್ಟಾಂಡಪ್ಪಿನಲ್ಲಿ, ರೆಟ್ರೋದಲ್ಲಿ ಅಪ್ರೈಸಲ್ ಬರೆಯುವವರು ಕೂರಬಾರದು. ಅಲ್ಲಿ ಆಡಿದ ಮಾತು ಅಪ್ರೈಸಲ್ಲಿಗೆ ಹೋಗಬಾರದು. ಎಷ್ಟು ದಿನ ಬೇಕೆಂದು ಕೆಲಸ ಮಾಡುವವರು ಹೇಳಿದ ಮೇಲೆ ತಾರೀಕು ನಿಲ್ಲಬೇಕು. ಬೆಲ್ ಕರ್ವ್ ಹೋಗಬೇಕು. ಇವು ಬರವಣಿಗೆಯಲ್ಲಿ ಇರಬೇಕು. ಬರವಣಿಗೆ ಅಂದರೆ ಕಂಪನಿಗಳಿಗೆ ಯಾಕೆ ಜ್ವರ ಬರುತ್ತದೆ ಎಂದು ನಮಗೆ ಗೊತ್ತು. ನೌಕರಿಯ ಷರತ್ತುಗಳನ್ನು ಬರೆದು ಊರ್ಜಿತ ಮಾಡಿಸಬೇಕೆಂದಿದ್ದ 1946ರ ಸ್ಟಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಐದೈದು ವರ್ಷ ವಿನಾಯಿತಿ ಕೊಡುತ್ತ ಬಂತು, 2019ರಲ್ಲೊಮ್ಮೆ, 2024ರಲ್ಲಿ ಮತ್ತೊಮ್ಮೆ. 2024ರ ಜುಲೈನಲ್ಲಿ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿಸಲು ದಾರಿ ಮಾಡುವ ತಿದ್ದುಪಡಿಯ ಪ್ರಸ್ತಾಪ ಬಂದಾಗ ರಾಜ್ಯದ ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಆ ಸಂಘ ಹುಟ್ಟಿದ್ದು 2017ರಲ್ಲಿ. ನಮ್ಮ ಕಟ್ಟಡದಲ್ಲಿ ಅದರ ಹೆಸರನ್ನು ಈಗಲೂ ಲಿಫ್ಟಿನಲ್ಲಿ ದನಿ ತಗ್ಗಿಸಿ ಹೇಳುತ್ತಾರೆ.

ಕಳೆದ ತಿಂಗಳು ನಮ್ಮ ಸ್ಟಾಂಡಪ್ಪಿನಲ್ಲಿ ಒಂದು ಘಟನೆ ನಡೆಯಿತು. ನಮ್ಮ ಒಂಬತ್ತು ಮಂದಿಯಲ್ಲಿ ಟೆಸ್ಟ್ ಮಾಡುವವಳು ರಾಯಚೂರು ಕಡೆಯ ಹುಡುಗಿ, ಗುತ್ತಿಗೆಯವಳು. ಮೂರನೇ ಪ್ರಶ್ನೆ ಅವಳ ಹತ್ತಿರ ಬಂತು. ಇಂಗ್ಲಿಷಿನಲ್ಲೇ ನಡೆಯುವ ಆ ಸಭೆಯಲ್ಲಿ ಅವಳು ಕನ್ನಡದಲ್ಲಿ ಅಂದಳು: 'ಅಡ್ಡಿ ಐತ್ರಿ ಸರ್. ಸರ್ವರ್ ಬಿದ್ದು ಮೂರು ದಿನ ಆತು. ಶುಕ್ರವಾರಕ್ಕ ಇದು ಆಗಂಗಿಲ್ರಿ.' ಮೇನೇಜರರು ಕನ್ನಡದವರೇ. ಲ್ಯಾಪ್‌ಟಾಪಿನಿಂದ ತಲೆಯೆತ್ತಿ, 'ಅದನ್ನ ಆಮೇಲೆ ಮಾತಾಡೋಣಮ್ಮ' ಅಂದರು. ಅವಳ ಪಕ್ಕದವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, 'ನನಗೂ ಅದೇ ಅಡ್ಡಿ ಸಾರ್' ಅಂದ. ಅವನ ನಂತರದವಳೂ ಅದನ್ನೇ ಅಂದಳು. ಶುಕ್ರವಾರದ ತಾರೀಕು ಮುಂದಿನ ಬುಧವಾರಕ್ಕೆ ಹೋಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅವಳ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ. ಮುಂದುವರಿಸುವ ಮಾತನ್ನು ಯಾರೂ ಎತ್ತುತ್ತಿಲ್ಲ. ಮುಂದುವರಿಸಬೇಕೆಂದು ಕೇಳಿ ನಾವೊಂದು ಕಾಗದ ಬರೆದಿದ್ದೇವೆ. ಉಳಿದ ಎಂಟು ಮಂದಿಯಲ್ಲಿ ಆರು ಮಂದಿಯ ಸಹಿ ಬಿದ್ದಿದೆ. ಇನ್ನಿಬ್ಬರನ್ನು ನಾಳೆ ಊಟದ ಹೊತ್ತಿಗೆ ಕೇಳಬೇಕು.